ಆರ್ವಿಲ್ ರೈಟ್ ಮತ್ತು ನಾನು ತಪ್ಪು ಹೇಳಿದ ಪಾಠ

ಈ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ನಾನೊಂದು ತಪ್ಪು ಮಾಡಿದ್ದೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಮೊದಲು ನೆನಪಾದದ್ದು ಅದೇ. ಒಂಬತ್ತನೆಯ ತರಗತಿಗೆ ರೈಟ್ ಸಹೋದರರ ವಿಷಯ ಹೇಳುತ್ತಿದ್ದೆ. 1903ರ ಡಿಸೆಂಬರ್ 17, ಕಿಟಿ ಹಾಕ್ ಬಳಿಯ ಮರಳು ದಿಬ್ಬ, 12 ಸೆಕೆಂಡು, 120 ಅಡಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಅವರ ವಿಮಾನ ಯಾವತ್ತಾದರೂ ಕೆಟ್ಟು ಬಿದ್ದಿತ್ತೇ ಎಂದು ಕೇಳಿದ. ಇಲ್ಲ, ಕೂತುಕೋ ಎಂದುಬಿಟ್ಟೆ. ಗೊತ್ತಿಲ್ಲ ಎನ್ನಲು ಆಗ ಬಾಯಿ ಬರಲಿಲ್ಲ. ನಿವೃತ್ತನಾದ ಮೇಲೆ ಓದಿ ತಿಳಿದದ್ದನ್ನು ಅವನಿಗೆ ಈಗ ಹೇಳುತ್ತಿದ್ದೇನೆ.

ಆರ್ವಿಲ್ ರೈಟ್ ಹುಟ್ಟಿದ್ದು 1871ರಲ್ಲಿ, ಅಮೆರಿಕದ ಡೇಟನ್ ಊರಿನಲ್ಲಿ. ಹೈಸ್ಕೂಲು ಮುಗಿಸಲಿಲ್ಲ. ಮೊದಲು ಮುದ್ರಣದ ಕೆಲಸ, ಆಮೇಲೆ ಅಣ್ಣ ವಿಲ್ಬರ್ ಜೊತೆ ಸೈಕಲ್ ಅಂಗಡಿ. (ಎಸ್ಸೆಸ್ಸೆಲ್ಸಿ ಕೈಕೊಟ್ಟ ನನ್ನ ಹಳೆಯ ಶಿಷ್ಯರು ಇದನ್ನು ಓದಿ ನಗಬಹುದು.)

1908ರ ಸೆಪ್ಟೆಂಬರಿನಲ್ಲಿ ವಿಲ್ಬರ್ ಫ್ರಾನ್ಸಿನಲ್ಲಿದ್ದರು. ಆರ್ವಿಲ್ ವಾಷಿಂಗ್ಟನ್ ಪಕ್ಕದ ಫೋರ್ಟ್ ಮೈಯರ್‌ನಲ್ಲಿ ಸೈನ್ಯದವರ ಮುಂದೆ ವಿಮಾನ ಹಾರಿಸಿ ತೋರಿಸುತ್ತಿದ್ದರು. ಒಂದು ಗಂಟೆಗೂ ಮೀರಿ ಹಾರಿ ದಾಖಲೆ ಮಾಡಿದ್ದರು. 17ನೆಯ ತಾರೀಖು ಸಂಜೆ ಥಾಮಸ್ ಸೆಲ್ಫ್‌ರಿಡ್ಜ್ ಎಂಬ 26 ವರ್ಷದ ಸೇನಾಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲೇರಿದರು. ವಿಮಾನಕ್ಕೆ ಉದ್ದನೆಯ ಹೊಸ ಪ್ರೊಪೆಲರ್ ಹಾಕಿದ್ದರು. ನಾಲ್ಕನೆಯ ಸುತ್ತಿನಲ್ಲಿ ಹಿಂದೆ ಏನೋ ಟಕಟಕ ಸದ್ದು. ತಿರುಗಿ ನೋಡಿದರೆ ಏನೂ ಕಾಣಲಿಲ್ಲ. ಆದರೂ ಎಂಜಿನ್ ನಿಲ್ಲಿಸಿ ಇಳಿಸುವುದೇ ಕ್ಷೇಮ ಎಂದುಕೊಳ್ಳುವಷ್ಟರಲ್ಲಿ ಎರಡು ಭಾರೀ ಪೆಟ್ಟು, ವಿಮಾನವೆಲ್ಲ ನಡುಗಿತು.

ಆದದ್ದು ಇಷ್ಟು. ಪ್ರೊಪೆಲರಿನ ಒಂದು ಅಲಗು ಉದ್ದಕ್ಕೆ ಸೀಳಿತ್ತು. ತೂಕ ತಪ್ಪಿ ಅದು ಅದುರತೊಡಗಿತು. ಅದುರಿ ಜಾಗ ಬಿಟ್ಟು ಸರಿದು, ಹಿಂದಿನ ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ಬಡಿಯಿತು. ತಂತಿ ಹೋದ ಮೇಲೆ ಚುಕ್ಕಾಣಿ ವಾಲಿತು, ವಿಮಾನದ ಮೂತಿ ನೆಲದ ಕಡೆ ತಿರುಗಿತು. ಆರ್ವಿಲ್ ಎಂಜಿನ್ ನಿಲ್ಲಿಸಿ, ಮೂತಿ ಎತ್ತಲು ಕೊನೆಯವರೆಗೂ ಹೆಣಗಿದರು. ನೆಲ ಹತ್ತಿರವಾಗುವಾಗ ವಿಮಾನ ಮಾತು ಕೇಳತೊಡಗಿತ್ತಂತೆ. ಇನ್ನಷ್ಟು ಅಡಿ ಎತ್ತರ ಇದ್ದಿದ್ದರೆ ಇಳಿದೇಬಿಡುತ್ತಿತ್ತೋ ಏನೋ.

ಸೆಲ್ಫ್‌ರಿಡ್ಜ್ ಅಂದು ರಾತ್ರಿ ಪ್ರಜ್ಞೆ ಬಾರದೆಯೇ ತೀರಿಕೊಂಡರು. ಎಂಜಿನ್ ವಿಮಾನ ಬಿದ್ದು ಸತ್ತವರಲ್ಲಿ ಅವರೇ ಮೊದಲನೆಯವರು. ಆರ್ವಿಲ್‌ರ ಎಡತೊಡೆ ಮುರಿದಿತ್ತು, ಪಕ್ಕೆಲುಬುಗಳೂ ಮುರಿದಿದ್ದವು. ಸೊಂಟದ ಮೂಳೆಯೂ ಮುರಿದಿತ್ತೆಂಬುದು ಎಕ್ಸ್-ರೇಯಲ್ಲಿ ಗೊತ್ತಾದದ್ದು ಸುಮಾರು ಹನ್ನೆರಡು ವರ್ಷಗಳ ನಂತರ.

ಅವರ ತಂಗಿ ಕ್ಯಾಥರಿನ್ ಡೇಟನ್ನಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದರು. ತಂತಿ ಬಂದ ದಿನವೇ ಹೊರಟು ಬಂದು, ಏಳು ವಾರ ಅಣ್ಣನ ಹಾಸಿಗೆ ಬಿಟ್ಟು ಕದಲಲಿಲ್ಲ. ಮತ್ತೆ ಪಾಠಕ್ಕೆ ಹಿಂದಿರುಗಲೂ ಇಲ್ಲ. ಮೇಷ್ಟ್ರಾದ ನನಗೆ ಈ ಕಥೆಯಲ್ಲಿ ಹೆಚ್ಚು ತಟ್ಟುವುದು ಈಕೆಯೇ. ವರ್ಷದ ನಡುವೆ ಟೀಚರಿಲ್ಲದೆ ಉಳಿದ ಆ ತರಗತಿಯೂ ಕಣ್ಣೆದುರು ಬರುತ್ತದೆ.

ಮುರಿದ ತುಂಡುಗಳನ್ನು ಆಸ್ಪತ್ರೆಗೇ ತರಿಸಿ ನೋಡಿ ಆರ್ವಿಲ್ ಕಾರಣ ಹುಡುಕಿದರು. 1909ರ ಜುಲೈನಲ್ಲಿ ಅದೇ ಮೈದಾನಕ್ಕೆ ಮರಳಿ, ಮತ್ತೊಬ್ಬ ಅಧಿಕಾರಿಯನ್ನು ಕೂರಿಸಿಕೊಂಡು ಗಂಟೆಗೂ ಹೆಚ್ಚು ಹಾರಿದರು. ಸೈನ್ಯ 30,000 ಡಾಲರ್ ಕೊಟ್ಟು ಆ ವಿಮಾನ ಕೊಂಡಿತು. 1912ರಲ್ಲಿ ವಿಲ್ಬರ್ ವಿಷಮಶೀತ ಜ್ವರದಿಂದ ಹೋದರು. ಆರ್ವಿಲ್ ತೀರಿಕೊಂಡದ್ದು 1948ರ ಜನವರಿ 30ರಂದು, ನಾವು ಗಾಂಧೀಜಿಯವರನ್ನು ಕಳೆದುಕೊಂಡ ದಿನವೇ.

ಹಿಂದಿನ ಬೆಂಚಿನ ಹುಡುಗ ಈಗ ಎಲ್ಲಿದ್ದಾನೋ. ಇದು ಕಣ್ಣಿಗೆ ಬಿದ್ದರೆ ಸಮಾರಂಭದ ದಿನ ಬಂದು ಮಾತನಾಡಿಸಪ್ಪ. ಅಲಗು ತಂತಿಗೆ ಹೇಗೆ ಬಡಿಯಿತೆಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.