ದತ್ತವತ್ಸಲ ಮುಮ್ಮಡಿ ಕೃಷ್ಣರಾಜ ಒಡೆಯರು

ಮಹೀಶೂರು ಸಂಸ್ಥಾನದ ಅರಸರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರ ಹೆಸರು ವಿದ್ಯಾಪಕ್ಷಪಾತಕ್ಕೂ ಔದಾರ್ಯಕ್ಕೂ ಪ್ರಸಿದ್ಧವಾದುದು. ಕವಿಪಂಡಿತರಿಗೆ ಆಶ್ರಯವಿತ್ತವರೆಂದೂ, ಚಾಮುಂಡಿಬೆಟ್ಟದ ದೇಗುಲಕ್ಕೆ ಗೋಪುರವೆತ್ತಿಸಿದವರೆಂದೂ, ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಗ್ರಂಥವನ್ನು ಸಿದ್ಧಪಡಿಸಿದವರೆಂದೂ ಜನರು ಅವರನ್ನು ಸ್ಮರಿಸುತ್ತಾರೆ. ಆದರೆ ಅವರ ಜೀವಿತದ ಅತ್ಯಂತ ದೃಢವಾದ ಕಾರ್ಯವು ನಡೆದುದು ಎಪ್ಪತ್ತು ವರ್ಷ ತುಂಬಿದ ಮೇಲೆ. ಆ ವಯಸ್ಸಿನಲ್ಲಿ ಅವರು ಎರಡು ವರ್ಷದ ಶಿಶುವೊಂದನ್ನು ದತ್ತುಪುತ್ರನನ್ನಾಗಿ ಸ್ವೀಕರಿಸಿದರು. ಆ ಮಗುವಿನ ಹಕ್ಕಿಗಾಗಿ ಉಳಿದ ಆಯುಷ್ಯವನ್ನೆಲ್ಲ ಮೀಸಲಿಟ್ಟರು. ಈ ಕಾರ್ಯದ ಮಹತ್ತ್ವವು ತಿಳಿಯಬೇಕಾದರೆ ಅವರ ಬಾಲ್ಯದಿಂದಲೇ ಆರಂಭಿಸುವುದು ಉಚಿತವಾಗಿದೆ.

ಮಹಾರಾಜರ ವಂಶವೃಕ್ಷದಲ್ಲಿ ದತ್ತಕವೆಂಬುದು ಹೊಸದಾಗಿರಲಿಲ್ಲ. 1776ರಲ್ಲಿ ಅರಸು ಪಟ್ಟವು ಬರಿದಾದಾಗ ಹೈದರಾಲಿಯು ಅರಸುಮನೆತನಗಳ ಮಕ್ಕಳನ್ನು ಒಂದೆಡೆ ಕೂಡಿಸಿ, ಅವರ ಮುಂದೆ ನಾನಾ ವಸ್ತುಗಳನ್ನಿಟ್ಟು, ಆಟಿಕೆ ತಿನಿಸುಗಳನ್ನು ಬಿಟ್ಟು ಆಯುಧಕ್ಕೆ ಕೈಚಾಚಿದ ಬಾಲಕನನ್ನು ಆರಿಸಿದನೆಂದು ಪ್ರತೀತಿಯುಂಟು. ಆ ಬಾಲಕನೇ ಖಾಸಾ ಚಾಮರಾಜ ಒಡೆಯರು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾದ ಲಕ್ಷ್ಮಮ್ಮಣ್ಣಿಯವರು ಅವರನ್ನು ಮಗನನ್ನಾಗಿ ಕೈಗೊಂಡರು. ಅವರಿಗೆ 1794ನೆಯ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದ ಕುಮಾರರೇ ಮುಮ್ಮಡಿ ಕೃಷ್ಣರಾಜರು. ಎರಡು ವರ್ಷಗಳೊಳಗಾಗಿ ತಂದೆಯು ತೀರಿಹೋದರು. ಟಿಪ್ಪು ಸುಲ್ತಾನನು ಬೇರೊಬ್ಬ ಅರಸನನ್ನು ಪಟ್ಟದಲ್ಲಿ ಕುಳ್ಳಿರಿಸಲಿಲ್ಲ. ರಾಜಕುಟುಂಬವು ಅರಮನೆಯನ್ನು ಬಿಟ್ಟು ಬಡತನದಲ್ಲಿ ಕಾಲಕಳೆಯಬೇಕಾಯಿತು. ಆ ದುರ್ದಿನಗಳಲ್ಲಿ ಮಗುವನ್ನು ಕಾಪಾಡಿದವರು ಲಕ್ಷ್ಮಮ್ಮಣ್ಣಿಯವರು. ರಕ್ತಸಂಬಂಧದ ದೃಷ್ಟಿಯಿಂದ ನೋಡಿದರೆ ಅವರು ಆ ಮಗುವಿಗೆ ಅಜ್ಜಿಯಲ್ಲ. ಧರ್ಮದಿಂದಲೂ ವಾತ್ಸಲ್ಯದಿಂದಲೂ ಅಜ್ಜಿಯಾದವರು.

1799ನೆಯ ಇಸವಿಯಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಇಂಗ್ಲಿಷ್ ಕುಂಪಣಿಯವರು ಪ್ರಾಚೀನ ರಾಜವಂಶಕ್ಕೆ ಮಹೀಶೂರನ್ನು ಹಿಂದಿರುಗಿಸಿ, ಜೂನ್ 30ರಂದು ಇನ್ನೂ ಐದು ತುಂಬದ ಕೃಷ್ಣರಾಜರಿಗೆ ಪಟ್ಟಾಭಿಷೇಕವನ್ನು ನೆರವೇರಿಸಿದರು. ಪೂರ್ಣಯ್ಯನವರು ದಿವಾನರಾಗಿ ರಾಜ್ಯವನ್ನು ನಡೆಯಿಸಿದರು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ಸ್ವರ್ಗಸ್ಥರಾದರು. ಮರುವರ್ಷ ಪೂರ್ಣಯ್ಯನವರು ನಿವೃತ್ತರಾಗಲು, ತರುಣ ಮಹಾರಾಜರು ಸ್ವತಃ ಆಳತೊಡಗಿದರು.

ಅವರ ಆಳ್ವಿಕೆಯು ಎಲ್ಲ ವಿಧದಲ್ಲಿಯೂ ನಿರ್ದುಷ್ಟವಾಗಿತ್ತೆಂದು ಹೇಳುವುದು ಸತ್ಯಕ್ಕೆ ಸಲ್ಲದು. ಅವರ ಕೈ ಬಲು ಧಾರಾಳ. ಬೊಕ್ಕಸವು ಬರಿದಾಯಿತು, ಸಾಲವು ಬೆಳೆಯಿತು. ಕಂದಾಯದ ಭಾರದಿಂದಲೂ ಅಧಿಕಾರಿಗಳ ಪೀಡನೆಯಿಂದಲೂ ನೊಂದ ರೈತರು 1830ರಲ್ಲಿ ನಗರ ಪ್ರಾಂತದಲ್ಲಿ ದಂಗೆಯೆದ್ದರು. ಇದನ್ನೇ ಕಾರಣವನ್ನಾಗಿಟ್ಟುಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಾಡಳಿತವನ್ನು ಕುಂಪಣಿಯ ವಶಕ್ಕೆ ತೆಗೆದುಕೊಂಡನು. ಅಂದಿನಿಂದ ಕಮಿಷನರುಗಳು ಆಳುವವರಾದರು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನನು ಆ ಸ್ಥಾನದಲ್ಲಿದ್ದನು. ಮಹಾರಾಜರಿಗೆ ಉಳಿದುದು ಹೆಸರು, ವರ್ಷಾಶನ, ಅರಮನೆ. ಆ ಅರಮನೆಯನ್ನೇ ಅವರು ಸರಸ್ವತಿಯ ನೆಲೆಯನ್ನಾಗಿ ಮಾಡಿದರು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ವಿದ್ಯಾಶಾಲೆಯನ್ನು ಸ್ಥಾಪಿಸಿದರು. 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ಮುಂದೆ ಕನ್ನಡ ಶಾಕುಂತಲವನ್ನು ರಚಿಸಿ ಅಭಿನವ ಕಾಳಿದಾಸರೆನಿಸಿದ ವೀರಶೈವ ಕವಿ ಬಸವಪ್ಪ ಶಾಸ್ತ್ರಿಗಳು ಬೆಳೆದುದೂ ಈ ಆಸ್ಥಾನದ ನೆರಳಿನಲ್ಲಿಯೇ.

ಆದರೂ ಮಹಾರಾಜರ ಮನಸ್ಸಿನಲ್ಲಿ ಒಂದು ಕೊರಗು ಉಳಿದೇ ಇದ್ದಿತು. ಪಟ್ಟಕ್ಕೆ ಹಕ್ಕುಳ್ಳ ಔರಸಪುತ್ರನು ಅವರಿಗೆ ಉಳಿಯಲಿಲ್ಲ. ಪುತ್ರಹೀನನಾದ ಗೃಹಸ್ಥನಿಗೆ ಧರ್ಮಶಾಸ್ತ್ರವು ದತ್ತಕದ ಮಾರ್ಗವನ್ನು ತೋರಿಸಿದೆ. ಕೊಡುವವರು ಸಂತೋಷದಿಂದ ಕೊಟ್ಟು, ಕೊಳ್ಳುವವರು ವಿಧಿಪೂರ್ವಕವಾಗಿ ಕೊಂಡ ಮಗುವು ಆ ಮನೆಯಲ್ಲಿ ಹುಟ್ಟಿದ ಮಗುವಿಗೆ ಸಮಾನವಾಗುತ್ತದೆ. ಸಾಮಾನ್ಯ ಗೃಹಸ್ಥನಿಗೆ ಇಷ್ಟು ಸುಲಭವಾದ ವಿಷಯವು ಅರಸರಿಗೆ ಆ ಕಾಲದಲ್ಲಿ ಕಠಿನವಾಗಿತ್ತು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಅಂತ್ಯಕಾಲದಲ್ಲಿ ಮಾಡಿಕೊಂಡ ದತ್ತಕವನ್ನು ಕುಂಪಣಿಯವರು ಮನ್ನಿಸದೆ ಹೋದುದರಿಂದಲೇ ರಾಣಿ ಚೆನ್ನಮ್ಮನು ಆಯುಧವನ್ನೆತ್ತಬೇಕಾಯಿತು. ಅನಂತರ ಡಾಲ್‌ಹೌಸಿಯ ಕಾಲದಲ್ಲಿ ಸಾತಾರ, ನಾಗಪುರ, ಝಾನ್ಸಿಗಳು ಒಂದಾದ ಮೇಲೊಂದು ಇದೇ ನೆಪದಿಂದ ಕುಂಪಣಿಯ ಹೊಟ್ಟೆಯನ್ನು ಸೇರಿದುವು. ಮಗುವನ್ನು ಮಡಿಲಿಗೆ ತೆಗೆದುಕೊಂಡವರು ಕಣ್ಮುಚ್ಚಿದೊಡನೆ ಆ ಮಗುವು ಯಾರಿಗೂ ಬೇಡವಾದುದಾಗುತ್ತಿತ್ತು.

1857ರ ಸಂಗ್ರಾಮದ ಬಳಿಕ ಈ ನೀತಿಯು ಸಡಿಲವಾಯಿತು. 1860ರಿಂದ ಗವರ್ನರ್ ಜನರಲ್ ಕ್ಯಾನಿಂಗನು ದೇಶೀಯ ರಾಜರಿಗೆ ದತ್ತಕದ ಸನದುಗಳನ್ನು ಕೊಡತೊಡಗಿದನು. ಆದರೆ ಮಹೀಶೂರಿಗೆ ಸನದು ಬರಲಿಲ್ಲ. ಮಹಾರಾಜರು ತಮ್ಮ ರಾಜ್ಯವನ್ನು ಇಂಗ್ಲಿಷರಿಗೇ ಬಿಟ್ಟುಹೋಗುವರೆಂಬ ಭಾವನೆಯು ಕ್ಯಾನಿಂಗನಲ್ಲಿದ್ದಿತು. 1861ರಲ್ಲಿ ಮಹಾರಾಜರು ರಾಜ್ಯವನ್ನು ತಮಗೆ ಹಿಂದಿರುಗಿಸಬೇಕೆಂದು ವಿಸ್ತಾರವಾಗಿ ಬರೆದುಕೊಂಡರು. 1862ರಲ್ಲಿ ಅದು ನಿರಾಕೃತವಾಯಿತು. ವಿಲಾಯಿತಿಯ ಮಂತ್ರಿಯೂ ಆ ನಿರಾಕರಣೆಯನ್ನೇ ಎತ್ತಿಹಿಡಿದನು. ವೃದ್ಧರಾದ ಪ್ರಭುಗಳು ಎಂದು ತೀರಿಕೊಳ್ಳುವರೋ ಎಂದು ಕಾದು ರಾಜ್ಯವನ್ನು ಒಳಗೊಳ್ಳಲು ಹವಣಿಸುವವರು ಅಧಿಕಾರವರ್ಗದಲ್ಲಿ ಕಡಿಮೆಯಿರಲಿಲ್ಲ.

ಇಂತಹ ಸಮಯದಲ್ಲಿ ಮತ್ತೊಬ್ಬರಾಗಿದ್ದರೆ ಕೈಚೆಲ್ಲಿ ಕುಳಿತುಕೊಳ್ಳುತ್ತಿದ್ದರು. ಮಹಾರಾಜರು ಹಾಗೆ ಮಾಡಲಿಲ್ಲ. 1865ನೆಯ ಇಸವಿ ಜೂನ್ 18ರಂದು, ಸರಕಾರದ ಒಪ್ಪಿಗೆಗಾಗಿ ಕಾಯದೆ, ಬೆಟ್ಟದಕೋಟೆ ಅರಸು ಮನೆತನದ ಚಿಕ್ಕಕೃಷ್ಣರಾಜ ಅರಸಿನವರ ಮೂರನೆಯ ಮಗನನ್ನು ದತ್ತುವಾಗಿ ಸ್ವೀಕರಿಸಿದರು. ಆ ಮಗುವು ಹುಟ್ಟಿದುದು 1863ರ ಫೆಬ್ರವರಿ 22ರಂದು. ಚಾಮರಾಜೇಂದ್ರ ಒಡೆಯರೆಂದು ಅದರ ನಾಮಧೇಯವಾಯಿತು. ತಂದೆಯಾದವರಿಗೂ ಮಗುವಿಗೂ ನಡುವೆ ಅರುವತ್ತೆಂಟು ವರ್ಷಗಳಿಗೂ ಮೀರಿದ ಅಂತರವಿದ್ದಿತು.

ಮುಪ್ಪಿನಲ್ಲಿ ಮಗುವನ್ನು ತೆಗೆದುಕೊಳ್ಳುವವರ ಕಷ್ಟವು ಎಳೆಯ ತಂದೆತಾಯಿಗಳ ಕಷ್ಟದಂತಲ್ಲ. ಮಗುವು ದೊಡ್ಡದಾಗುವವರೆಗೆ ತಾವಿರುವೆವೆಂದು ಅವರು ನೆಚ್ಚುವಂತಿಲ್ಲ. ಅದು ತಮ್ಮನ್ನು ನೋಡಿಕೊಳ್ಳಲೆಂದು ಬಯಸುವುದಕ್ಕಿಂತ ತಾವು ಹೋದಮೇಲೆ ಅದನ್ನು ನೋಡಿಕೊಳ್ಳುವವರಾರೆಂದು ಚಿಂತಿಸುವುದೇ ಅವರ ಪಾಲಿಗೆ ಬಂದ ಪಿತೃಧರ್ಮವಾಗುತ್ತದೆ. ಮಹಾರಾಜರು ಈ ಧರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ತಂದೆಯಿಲ್ಲದ ಮಗುವಿನ ಪಾಡೇನೆಂಬುದನ್ನು ಅವರು ಗ್ರಂಥದಿಂದ ತಿಳಿಯಬೇಕಾಗಿರಲಿಲ್ಲ; ಎರಡನೆಯ ವಯಸ್ಸಿನಲ್ಲಿಯೇ ಅನುಭವಿಸಿದ್ದರು. ಅಜ್ಜಿಯ ದೃಢಚಿತ್ತವೊಂದು ಬೆಂಬಲವಾಗಿರದಿದ್ದರೆ ತಾವೆಲ್ಲಿಯೂ ಇರುತ್ತಿರಲಿಲ್ಲವೆಂಬುದೂ ಅವರಿಗೆ ತಿಳಿದುದೇ ಆಗಿದ್ದಿತು.

ಗವರ್ನರ್ ಜನರಲ್ ಜಾನ್ ಲಾರೆನ್ಸನು ಈ ದತ್ತಕವನ್ನು ಪಟ್ಟದ ಮಟ್ಟಿಗೆ ಮನ್ನಿಸಲಿಲ್ಲ. ಮಗುವು ಮಹಾರಾಜರ ಸ್ವಂತ ಆಸ್ತಿಗೆ ವಾರಸುದಾರನಾಗಬಹುದು, ರಾಜ್ಯಕ್ಕೆ ಆಗಲಾರದು ಎಂಬುದು ಸರಕಾರದ ನಿಲುವು. ಒಡವೆ ವಸ್ತುಗಳಿಗೆ ಮಗನಾದವನು ಪಟ್ಟಕ್ಕೆ ಮಗನಲ್ಲವೆಂಬ ಈ ವಿಭಾಗವನ್ನು ಮಹಾರಾಜರು ಒಪ್ಪಲಿಲ್ಲ. 1799ರ ಒಡಂಬಡಿಕೆಯು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕುದೆಂದು ಬರೆಯಲ್ಪಟ್ಟಿದ್ದಿತು. ಒಬ್ಬ ವ್ಯಕ್ತಿಯ ಆಯುಷ್ಯಕ್ಕೆ ಅದನ್ನು ಕಟ್ಟಿಹಾಕುವುದು ನ್ಯಾಯವಲ್ಲವೆಂಬುದು ಅವರ ಪಕ್ಷದ ವಾದ. ಈ ವಾದವನ್ನು ಅವರು ಸಮುದ್ರದಾಚೆಗೂ ಕಳುಹಿಸಿದರು. ಮೇಜರ್ ಇವಾನ್ಸ್ ಬೆಲ್ ಎಂಬ ಆಂಗ್ಲೇಯನು ಮಹೀಶೂರಿನ ಪರವಾಗಿ ಗ್ರಂಥವನ್ನು ಬರೆದು 1865ರಲ್ಲಿ ಪ್ರಕಟಿಸಿದನು. 1866ರಲ್ಲಿ ಪ್ರಸಿದ್ಧ ತತ್ತ್ವಜ್ಞನಾದ ಜಾನ್ ಸ್ಟುವರ್ಟ್ ಮಿಲ್ಲನು ಈ ವಿಷಯದ ಬಿನ್ನವತ್ತಳೆಯನ್ನು ಇಂಗ್ಲೆಂಡಿನ ಜನಪ್ರತಿನಿಧಿ ಸಭೆಯ ಮುಂದಿಟ್ಟನು. ಮೈಸೂರಿನ ಅರಮನೆಯಲ್ಲಿ ಆಡುತ್ತಿದ್ದ ಮೂರು ವರ್ಷದ ಮಗುವಿನ ಭವಿಷ್ಯವು ಲಂಡನ್ ನಗರದಲ್ಲಿ ಚರ್ಚೆಯ ವಿಷಯವಾಯಿತು.

ಕೊನೆಗೆ ಧರ್ಮವೇ ಗೆದ್ದಿತು. 1867ನೆಯ ಇಸವಿ ಏಪ್ರಿಲ್ 16ರಂದು ಇಂಡಿಯಾ ಮಂತ್ರಿಯಾದ ಸ್ಟಾಫರ್ಡ್ ನಾರ್ತ್‌ಕೋಟನು ದತ್ತಕವನ್ನು ಅಂಗೀಕರಿಸಿ ಆಜ್ಞೆಯನ್ನು ಕಳುಹಿಸಿದನು. ಬಾಲಕನಿಗೆ ಪದವಿಗೆ ತಕ್ಕ ವಿದ್ಯಾಭ್ಯಾಸವಾಗಬೇಕು; ಮಹಾರಾಜರು ಕಾಲವಾದಾಗ ಅವನಿನ್ನೂ ಚಿಕ್ಕವನಾಗಿದ್ದರೆ ಅವನ ಹೆಸರಿನಲ್ಲಿಯೇ ಆಡಳಿತವು ನಡೆಯಬೇಕು; ಯೋಗ್ಯನಾಗಿ ಬೆಳೆದ ಮೇಲೆ ರಾಜ್ಯವನ್ನು ಅವನಿಗೆ ಒಪ್ಪಿಸಬೇಕು ಎಂಬುದು ಅದರ ತಾತ್ಪರ್ಯ. ತಮಗಾಗಿ ರಾಜ್ಯವನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕೇಳಿ ಪಡೆಯಲಾರದ ಮಹಾರಾಜರು ಮಗನಿಗಾಗಿ ಕೇಳಿ ಎರಡು ವರ್ಷಗಳಲ್ಲಿ ಪಡೆದರು.

ಈ ಸಂತೋಷವನ್ನು ಅವರು ಬಹುಕಾಲ ಅನುಭವಿಸಲಿಲ್ಲ. 1868ನೆಯ ಇಸವಿ ಮಾರ್ಚ್ 27ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ದೈವಾಧೀನರಾದರು. ತಂದೆಮಕ್ಕಳು ಒಂದೇ ಮನೆಯಲ್ಲಿ ಕೂಡಿದ್ದ ಕಾಲವು ಮೂರು ವರ್ಷವೂ ತುಂಬಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರರು ಸಿಂಹಾಸನವನ್ನೇರಿದರು. ಅವರಿಗೆ ಆಗ ಐದು ವರ್ಷ. ಅರುವತ್ತೊಂಬತ್ತು ವರ್ಷಗಳ ಹಿಂದೆ ತಂದೆಯು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಅದೇ ಪಟ್ಟವನ್ನೇರಿದ್ದರು. ಆದರೆ ತಂದೆಗೆ ರಾಜ್ಯವು ಪರರ ಯುದ್ಧದಿಂದ ದೊರೆಯಿತು. ಮಗನಿಗೆ ತಂದೆಯ ಪರಿಶ್ರಮದಿಂದ ದೊರೆಯಿತು.

ಮುಂದೆ ಬಾಲಕನ ಪಾಲನೆಯು ಅನ್ಯರ ಕೈಗೆ ಬಂದಿತು. 1869ರಲ್ಲಿ ಕರ್ನಲ್ ಮಾಲಿಸನ್ನನು ಪಾಲಕನಾಗಿ ನೇಮಿತನಾದನು. ತಂದೆಯ ತೊಡೆಯ ಮೇಲೆ ಕಲಿಯಬೇಕಾದ ವಯಸ್ಸಿನಲ್ಲಿ ಮಗುವು ಪರದೇಶೀಯ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಕಲಿಯಬೇಕಾಯಿತು. ಇದು ಮುಪ್ಪಿನ ದತ್ತಕದಲ್ಲಿ ತಪ್ಪಿಸಲಾಗದ ನಷ್ಟ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಮಹಾರಾಜರು ಕಟ್ಟಿಹೋದ ಆವರಣವು ಭದ್ರವಾಗಿದ್ದಿತು. 1881ನೆಯ ಇಸವಿ ಮಾರ್ಚ್ 25ರಂದು, ಐವತ್ತು ವರ್ಷಗಳ ಪರಾಡಳಿತದ ಬಳಿಕ, ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯಾಧಿಕಾರವು ಹಿಂದಿರುಗಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಮೂಲಕ ಪ್ರಜಾಪ್ರತಿನಿಧಿ ಸಭೆಯು ಪ್ರಥಮವಾಗಿ ಕೂಡಿತು. 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿಯೇ ಚಾಮರಾಜೇಂದ್ರರು ಅಕಾಲಮರಣವನ್ನೈದಿದರು. ಆಗಲೂ ಪಟ್ಟವು ಬರಿದಾಗಲಿಲ್ಲ. ಮಹಾರಾಣಿ ವಾಣೀವಿಲಾಸ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ನಿಂತು, ಹತ್ತು ವರ್ಷದ ಕುಮಾರರಾದ ನಾಲ್ವಡಿ ಕೃಷ್ಣರಾಜರನ್ನು ಬೆಳೆಯಿಸಿ, 1902ರಲ್ಲಿ ರಾಜ್ಯವನ್ನು ಅವರ ಕೈಗೆ ಒಪ್ಪಿಸಿದರು. ನಾಲ್ವಡಿಯವರ ಕೀರ್ತಿಯನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಅಜ್ಜನ ಹೆಸರನ್ನೇ ಹೊತ್ತ ಆ ಮೊಮ್ಮಗನು ದತ್ತಕದ ಕೊಂಬೆಯಲ್ಲಿ ಬಿಟ್ಟ ಫಲ.

ಮಠಪೀಠಗಳಲ್ಲಿ ಗುರುವು ಶಿಷ್ಯನನ್ನು ಕರಸಂಜಾತನೆಂದು ಕರೆದು, ತನ್ನ ಬಳಿಕವೂ ಪೀಠವು ನಡೆಯುವಂತೆ ಅವನನ್ನು ಸಿದ್ಧಪಡಿಸುವ ಸಂಪ್ರದಾಯವನ್ನು ಬಲ್ಲವರಿಗೆ ಮುಮ್ಮಡಿಯವರ ನಡತೆಯು ಅಪರಿಚಿತವೆನಿಸದು. ಹೆತ್ತವರಿಗೆ ಮಗುವು ದೈವಯೋಗದಿಂದ ಬರುತ್ತದೆ; ದತ್ತು ಪಡೆದವರಿಗೆ ಸಂಕಲ್ಪದಿಂದ ಬರುತ್ತದೆ. ಆ ಸಂಕಲ್ಪವು ಹೋಮದ ದಿನಕ್ಕೇ ಮುಗಿದರೆ ದತ್ತಕವು ಬರಿಯ ವಿಧಿಯಾಗುತ್ತದೆ. ಕಿತ್ತೂರಿನ ಮಗುವಿಗೆ ಒದಗಿದ ಗತಿಯು ತಮ್ಮ ಮಗುವಿಗೆ ಒದಗದಂತೆ, ಉಸಿರಿರುವಾಗಲೇ ಅದರ ಹಕ್ಕನ್ನು ಕಾಗದದಲ್ಲಿ ಬರೆಯಿಸಿ, ಲೋಕದಿಂದ ಒಪ್ಪಿಸಿ, ಅನಂತರ ಕಣ್ಮುಚ್ಚಿದುದರಿಂದಲೇ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತಪುತ್ರನಿಗೆ ನಿಜವಾದ ತಂದೆಯಾದರು.