ಸಲೀಂ ಅಲಿ: ನಸುಕಿನಲ್ಲಿ ಕಲಿತ ಪಾಠ

ಸುರಪುರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಪಕ್ಷಿತಜ್ಞ ಸಲೀಂ ಅಲಿಯವರ ಜೀವನವನ್ನು ಅಭ್ಯಾಸ ಪಾಠವಾಗಿ ತೆಗೆದುಕೊಂಡಿದ್ದೆ. ನನ್ನ ಪಾಠಯೋಜನೆಯಲ್ಲಿ ಇಸವಿ, ಪ್ರಶಸ್ತಿಗಳಷ್ಟೇ ಇದ್ದವು. ಅವರು ಎಷ್ಟು ಓದಿದ್ದರು ಎಂದು ಒಬ್ಬ ಹುಡುಗಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಓದಿಕೊಂಡು ಬಂದು ಮುಂದಿನ ತರಗತಿಯಲ್ಲಿ ಹೀಗೆ ಹೇಳಿದೆ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಲೀಂ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಆಟದ ಬಂದೂಕಿನಿಂದ ತಾವೇ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಕಲೆ ಕಂಡು, ಅದು ಯಾವ ಹಕ್ಕಿಯೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿದ್ದ ಮಿಲ್ಲಾರ್ಡ್ ಎಂಬವರು ಬಾಲಕನನ್ನು ಸಾಗಹಾಕದೆ ಪಕ್ಷಿಗಳ ಸಂಗ್ರಹವನ್ನೇ ತೋರಿಸಿದರು. ಮುಂದೆ ಕಾಲೇಜಿನಲ್ಲಿ ಗಣಿತ ಕೈಹಿಡಿಯಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲವೆಂದು ಸರ್ಕಾರಿ ಪಕ್ಷಿತಜ್ಞರ ಹುದ್ದೆಯೂ ಸಿಗಲಿಲ್ಲ. ಬರ್ಲಿನ್‌ನಲ್ಲಿ ಸ್ಟ್ರೆಸೆಮಾನ್ ಅವರ ಬಳಿ ಕಲಿತು 1930ರಲ್ಲಿ ಮರಳಿದರು.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಅವರು 1931–32ರಲ್ಲಿ ಸಂಬಳವಿಲ್ಲದೆ, ಖರ್ಚಿಗಷ್ಟೇ ಹಣ ಪಡೆದು ಮಾಡಿದರು. ಡೇರೆಯ ಬಾಳಿಗೆ ಪತ್ನಿ ತೆಹ್ಮಿನಾ ಜೊತೆಯಾಗಿದ್ದರು. 1939ರಲ್ಲಿ ಆಕೆ ತೀರಿಕೊಂಡರು. ಆ ದುಃಖ ಹೊತ್ತೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಅಲ್ಲಿನ ಮಲೆಕಾಡುಗಳಲ್ಲಿ ಬೆಳಕು ಹರಿಯುವ ಮೊದಲೇ ಹಳ್ಳದ ದಂಡೆಯಿಂದ ಸಿಳ್ಳಾರ ಹಕ್ಕಿ ಹಾಡುತ್ತದೆ, ಶಾಲೆಯ ಹುಡುಗ ಸಿಳ್ಳೆ ಹಾಕುತ್ತ ಹೋದಂತೆ. ದಟ್ಟ ಎಲೆಗಳ ನಡುವೆ ಹಕ್ಕಿ ಕಾಣುವ ಮುಂಚೆ ದನಿ ಕೇಳಿಸುತ್ತದೆ. ಕೇಳುವುದು, ಹುಡುಕಿ ನೋಡುವುದು, ಅಂದೇ ಬರೆದಿಡುವುದು: ಡಿಗ್ರಿ ಕೊಡದಿದ್ದುದನ್ನು ಅವರು ಹೀಗೆ ಗಳಿಸಿಕೊಂಡರು. 1941ರಲ್ಲಿ ಭಾರತೀಯ ಪಕ್ಷಿಗಳ ಕುರಿತ ಅವರ ಪುಸ್ತಕ ಬಂತು, 1976ರಲ್ಲಿ ಪದ್ಮವಿಭೂಷಣ. 1987ರಲ್ಲಿ ನಿಧನರಾದರು.

ಪಾಠ ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಭಾನುವಾರ ನಸುಕಿನಲ್ಲಿ, ಪಾಲಕರ ಒಪ್ಪಿಗೆ ಪಡೆದು, ಆರು ಮಕ್ಕಳೊಂದಿಗೆ ಬೋನಾಳ ಪಕ್ಷಿಧಾಮದ ಕೆರೆಗೆ ಹೋದೆ. ಮಲೆಕಾಡು ನಮಗಿಲ್ಲ, ಸಿಳ್ಳಾರವೂ ಇಲ್ಲ. ಹತ್ತು ನಿಮಿಷ ಮಾತಾಡದೆ ಕೂತು, ಕೇಳಿದ ದನಿಗಳನ್ನು ಬರೆದುಕೊಂಡೆವು. ಬಿ.ಎಸ್ಸಿ. ಓದಿದ ನನಗೆ ಗುರುತು ಸಿಕ್ಕವು ಮೂರು. ಪ್ರಶ್ನೆ ಕೇಳಿದ್ದ ಹುಡುಗಿ ಕುರಿ ಕಾಯುವ ಮನೆಯವಳು. ಅವಳು ಏಳು ಹೇಳಿದಳು.

ಮೌಲ್ಯಮಾಪನದ ಹಾಳೆಯಲ್ಲಿ ಮೊದಲು ನನ್ನ ಮೂರನ್ನೇ ಬರೆದೆ.