ದುಡಿಯುವ ಜನರ ಚಿತ್ರಕಾರ ನಂದಲಾಲ್ ಬೋಸ್

ನಮ್ಮ ಸಂವಿಧಾನದ ಮೂಲ ಪ್ರತಿ ಕೈಬರಹದ್ದು. ಅದರ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಕಾಲೇಜು ಪರೀಕ್ಷೆಗಳಲ್ಲಿ ನಪಾಸಾದ ಹುಡುಗನೊಬ್ಬನಿಗೆ ಈ ಕೆಲಸ ಒದಗಿದ್ದು ಹೇಗೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

ನಂದಲಾಲರು 1882ರ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ ಹುಟ್ಟಿದರು. ತಾಯಿ ಕ್ಷೇತ್ರಮಣಿದೇವಿ ಬೊಂಬೆ ಮಾಡುವುದರಲ್ಲಿ ಕೈಪಳಗಿದವರು. ಆ ತಾಯಿ ಮಗನ ಬಾಲ್ಯದಲ್ಲೇ ತೀರಿಕೊಂಡರು. ಊರಿನ ಕುಂಬಾರರು ಮಣ್ಣಿನಿಂದ ಮೂರ್ತಿ ಮಾಡುವುದನ್ನು ನೋಡುತ್ತ ಕೂರುವುದು ಹುಡುಗನಿಗೆ ಇಷ್ಟ. ಮುಂದೆ ಕಲ್ಕತ್ತೆಗೆ ಓದಲು ಹೋದರು. ಓದು ತಲೆಗೆ ಹತ್ತಲಿಲ್ಲ, ಮನಸ್ಸೆಲ್ಲ ಚಿತ್ರದಲ್ಲಿತ್ತು. ಕೊನೆಗೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರು. ಅಜಂತಾ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿ ಮಾಡಲು ಹೋದ ತಂಡದಲ್ಲಿ ಇವರಿಬ್ಬರೂ ಇದ್ದರು.

ಮೊದಲಿಗೆ ನಂದಲಾಲರಿಗೆ ಹೆಸರು ತಂದದ್ದು ಶಿವ, ಸತಿ ಮುಂತಾದ ಪುರಾಣದ ಚಿತ್ರಗಳು. ರವೀಂದ್ರನಾಥ ಠಾಕೂರರು ಅವರನ್ನು ಶಾಂತಿನಿಕೇತನದ ಕಲಾಭವನಕ್ಕೆ ಕರೆಸಿಕೊಂಡ ಮೇಲೆ ಅವರ ನೋಟ ಸುತ್ತಲಿನ ನೆಲದ ಕಡೆಗೆ ತಿರುಗಿತು. ಮಳೆನೀರು ಕೊರೆದ ಕೆಂಪು ನೆಲ, ತಾಳೆಮರಗಳ ಸಾಲು, ಸಂತಾಲರ ಗುಡಿಸಲುಗಳು, ದನಕರುಗಳು ಅವರ ಚಿತ್ರಗಳಿಗೆ ಬಂದವು. ಎಲ್ಲಿಗೆ ಹೋದರೂ ಅಂಚೆ ಕಾರ್ಡುಗಳ ಮೇಲೆ ಕಂಡದ್ದನ್ನು ಬರೆಯುವುದು ಅವರ ಅಭ್ಯಾಸವಾಗಿತ್ತು. ಶಿಷ್ಯರನ್ನೂ ಕೊಠಡಿಯಿಂದ ಹೊರಗೆ ಕರೆದೊಯ್ದು, ಮರವನ್ನೂ ಮನುಷ್ಯನನ್ನೂ ಮೊದಲು ಚೆನ್ನಾಗಿ ನೋಡಲು ಕಲಿಸಿದರು. ವಿನೋದ ವಿಹಾರಿ ಮುಖರ್ಜಿ, ರಾಮಕಿಂಕರ್ ಬೈಜ್, ಸತ್ಯಜಿತ್ ರೇ ಅವರ ಶಿಷ್ಯರು.

1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ, ಕೋಲು ಹಿಡಿದು ನಡೆಯುವ ಅವರ ರೂಪವನ್ನು ನಂದಲಾಲರು ಕಪ್ಪು ಬಿಳುಪಿನ ಅಚ್ಚುಚಿತ್ರವಾಗಿ ಕೆತ್ತಿದರು. ಇಂದಿಗೂ ಗಾಂಧೀಜಿ ಎಂದೊಡನೆ ಹಲವರ ಕಣ್ಣಿಗೆ ಕಟ್ಟುವುದು ಅದೇ ರೂಪ.

1938ರಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದನ್ನು ಅಲಂಕರಿಸುವ ಹೊಣೆಯನ್ನು ಗಾಂಧೀಜಿ ನಂದಲಾಲರಿಗೆ ವಹಿಸಿದರು. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ನಾಯಕರ ಭಾವಚಿತ್ರಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ನಂದಲಾಲರು ಬರೆದದ್ದು ಡೋಲು ಬಡಿಯುವವನನ್ನು, ಬಡಗಿಯನ್ನು, ಹತ್ತಿ ಹಿಂಜುವವನನ್ನು, ಕುಸ್ತಿಯ ಪೈಲ್ವಾನನನ್ನು, ಭತ್ತ ಕುಟ್ಟುವ ಹೆಂಗಸರನ್ನು. ಕೈಯಿಂದ ಮಾಡಿದ ಕಾಗದದ ಮೇಲೆ, ಮಣ್ಣಿನ ಬಣ್ಣಗಳಲ್ಲಿ, ದಪ್ಪ ಗೆರೆಗಳಲ್ಲಿ ಅವರೂ ಶಿಷ್ಯರೂ ಸುಮಾರು 400 ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಅವು ಹಳ್ಳಿಯ ಬಯಲಿನಲ್ಲೇ, ಜನ ಓಡಾಡುವ ದಾರಿಯಲ್ಲೇ ನಿಂತವು. ಚಿತ್ರಶಾಲೆಯ ಮೆಟ್ಟಿಲು ಹತ್ತದ ರೈತನೂ ಕೂಲಿಯವನೂ ತಮ್ಮಂಥವರನ್ನೇ ಅಲ್ಲಿ ಚಿತ್ರವಾಗಿ ಕಂಡರು. ಸ್ವಾತಂತ್ರ್ಯ ಯಾರಿಗಾಗಿ ಎಂಬುದನ್ನು ಆ ಫಲಕಗಳು ಭಾಷಣವಿಲ್ಲದೆ ತಿಳಿಸಿದವು.

ಸಂವಿಧಾನದ ಪುಟಗಳಲ್ಲೂ ಮಹಾಪುರುಷರ ಜೊತೆಗೆ ಹಿಮಾಲಯ, ಮರುಭೂಮಿ, ಕಡಲುಗಳಿಗೆ ಸ್ಥಳ ದೊರೆಯಿತು. 1954ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. 1966ರ ಏಪ್ರಿಲ್ 16ರಂದು ಅವರು ತೀರಿಕೊಂಡರು.

ನಮ್ಮ ಶಾಲೆಗೆ ಐವತ್ತು ತುಂಬಿದೆ. ಈ ಅವಧಿಯಲ್ಲಿ ಇಲ್ಲಿಂದ ಹೊರಟ ಎಷ್ಟೋ ಮಕ್ಕಳು ಅಂಕಪಟ್ಟಿ ನೋಡಿ ತಾವು ಯಾವುದಕ್ಕೂ ಬಾರದವರೆಂದು ಭಾವಿಸಿರಬಹುದು. ಅಂಥವರಿಗೆ ನಂದಲಾಲರ ಬಾಳು ಧೈರ್ಯ ಕೊಡಲಿ. ಚಿತ್ರ ಬರೆಯುವ ಆಸೆಯಿರುವ ಮಕ್ಕಳು ಕ್ಯಾಲೆಂಡರಿನ ಹಿಮಪರ್ವತವನ್ನು ನಕಲು ಮಾಡುವ ಮೊದಲು, ತಮ್ಮ ಊರಿನ ಕೆರೆ ಏರಿಯನ್ನೂ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನೂ ಒಮ್ಮೆ ಕಣ್ತುಂಬ ನೋಡಲಿ.